ಅಕ್ಕಿಕಾಳು ಬೀಳುವ ಹೊತ್ತು

ಏಪ್ರಿಲ್ 3, 2025, ಗುರುವಾರ

ಮಾಮಾನ ಹಲ್ಲು ಹೋದವು! ಇದನ್ನು ಖುಷಿಯಿಂದ ಬರೆಯಬಾರದು, ಗೊತ್ತು. ಆದರೆ ಖುಷಿಯಾಗಿದೆ. ಯಾರೂ ಓದದ ವಹಿಯಲ್ಲೂ ಸುಳ್ಳು ಬರೆದರೆ ಖರೇ ಮಾತನ್ನು ಎಲ್ಲಿ ಬರೆಯುವುದು?

ಸಂಪಗಾಂವದ ಹೊಸ ಬೆಳಕು ಬ್ರಾಸ್ ಬ್ಯಾಂಡಿನ ಮಾಸ್ತರ, ನನ್ನ ಅವ್ವನ ಸ್ವಂತ ಅಣ್ಣ, ಮೀಸೆ ಮೂಡುವ ಮೊದಲೇ ಟ್ರಂಪೆಟ್ ಹಿಡಿದ ಲಗಮಪ್ಪ ಅವರ ಮೇಲಿನ ಎರಡು ಮುಂದಿನ ಹಲ್ಲು ಈಗ ಬೈಲಹೊಂಗಲದ ದವಾಖಾನೆಯ ಕಸದ ಡಬ್ಬಿಯಲ್ಲಿವೆ. ಸಂಜೆ ಮಾಮಾ ಟ್ರಂಪೆಟ್ ತುಟಿಗೆ ಇಟ್ಟು ನೋಡಿದರು. ತುಟಿಗೆ ಹಿಂದಿನಿಂದ ಆನಿಕೆಯೇ ಇಲ್ಲ. ಬರೀ ಗಾಳಿ ಬಂತು. ಮಾಮಾನ ಹೆಂಡತಿ ಮರೆವ್ವ ಅತ್ತಿ ಕುಕ್ಕರ್ ಸೀಟಿ ಹೊಡೆಯಿತು ಅಂತ ಅಡುಗೆ ಮನೆಗೆ ಎದ್ದು ಹೋದಳು. ಅಷ್ಟು ಕೆಟ್ಟದಾಗಿತ್ತು.

ವಸಡು ಮಾಯುವವರೆಗೆ ಹಲ್ಲು ಕಟ್ಟಿಸುವಂತಿಲ್ಲ. ಕಟ್ಟಿಸಿದರೂ ಕಟ್ಟಿಸಿದ ಹಲ್ಲಿನ ಮೇಲೆ ಟ್ರಂಪೆಟ್ ನಿಲ್ಲುವುದು ಕಷ್ಟವಂತೆ. ಲಗ್ನದ ಸೀಜನ್ ತಲೆಯ ಮೇಲೆ ಕುಂತಿದೆ. ಮಾಮಾನನ್ನು ಬಿಟ್ಟರೆ ಟ್ರಂಪೆಟ್ ಊದಲು ಬರುವುದು ಅವರಿಂದಲೇ ಕಲಿತ ನನಗೊಬ್ಬಳಿಗೇ. ಬ್ಯಾಂಡಿನವರೆಲ್ಲ ನಮ್ಮ ಕಟ್ಟೆಯ ಮೇಲೆ ಸೇರಿದರು. ಉಪಾಯ ಹೇಳಿದವನು ಮಾಮಾನ ಮಗ ಅಜಿತ, ಸಣ್ಣ ಡ್ರಮ್ ಬಾರಿಸುವವನು.

"ಅಪ್ಪಾ, ನೀ ಮುಂದ ನಿಂದ್ರು. ಟ್ರಂಪೆಟ್ ಬಾಯಿಗೆ ಹಿಡಿ, ಗಲ್ಲ ಉಬ್ಬಸು. ರೇಣು ಗಂಗಪ್ಪ ಕಾಕಾನ ಢೋಲಿನ ಹಿಂದ ನಿಂತು ಊದ್ಲಿ. ಯಾರಿಗೆ ತಿಳಿತೈತಿ?"

"ಅದು ಸುಳ್ಳ ಆಗೂದಿಲ್ಲೇನ?" ಅಂದೆ.

ಅರ್ಜುನಣ್ಣನಿಗೆ ಸಿಟ್ಟು ಬಂತು. ಅವನ ದೊಡ್ಡ ಕೊಳವಿ, ಬ್ಯಾಂಡಿನ ದಪ್ಪ ಸ್ವರದ ಹಿತ್ತಾಳೆ ವಾದ್ಯ, ತೂತು ಬಿದ್ದು ವರ್ಷಗಳಾದವು. ಅವನು ಅದನ್ನು ಹೆಗಲಿಗೆ ಹಾಕಿಕೊಂಡು ಗಲ್ಲ ಉಬ್ಬಿಸುತ್ತಾನೆ, ಅಷ್ಟೇ. ನೋಡಿದವರಿಗೆ ಬ್ಯಾಂಡು ದೊಡ್ಡದು ಅನಿಸಬೇಕಲ್ಲ. "ಊದಾಕ ಯಾರಿಗರ ಬರತೈತಿ ತಂಗಿ. ಊದದ ಊದಿದಂಗ ಕಾಣೂದು ಕಷ್ಟ. ಯಾವ ಲಗ್ನದ ಫೋಟೋ ಬೇಕಾದ್ರ ತಗದ ನೋಡು, ಎಲ್ಲಾರಕಿಂತ ನಾನ ಚಂದ ಬಂದಿರತೇನಿ."

ಮಾಮಾ ಟಾವೆಲ್ಲಿನಿಂದ ಬಾಯಿ ಮುಚ್ಚಿಕೊಂಡು "ಆತು" ಅಂದರು. ನನಗೆ ಸುಳ್ಳು ಬೇಡ. ಆದರೆ ಟ್ರಂಪೆಟ್ ಬೇಕು. ಎರಡರಲ್ಲಿ ಟ್ರಂಪೆಟ್ ಗೆದ್ದಿತು. ಅದನ್ನೂ ಬರೆದಿಟ್ಟಿದ್ದೇನೆ.

ಏಪ್ರಿಲ್ 6, ರವಿವಾರ

ಊದಿದೆ! ದೊಡವಾಡದಲ್ಲಿ ಊದಿದೆ!

ಟಂಟಂ ಗಾಡಿಯಲ್ಲಿ ಹೋಗುವಾಗಲೇ ನನ್ನ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಎದುರಿಗೆ ಕ್ಲಾರಿನೆಟ್ಟಿನ ಸುಭಾಸಣ್ಣ. ವಾದ್ಯದ ಬಾಯಿಗೆ ಹಚ್ಚುವ ಪೀಪಿಯ ತುಂಡನ್ನು ನೆನೆಸಲು ಸದಾ ಬಾಯಲ್ಲಿಟ್ಟುಕೊಂಡು ಒಂದೇ ಮೂಲೆಯಿಂದ ಮಾತಾಡುತ್ತಾನೆ. ಹಿಂಗಾಗಿ "ಚಾ ಕುಡಿಯೂಣು" ಅಂದರೂ ಏನೋ ಗುಟ್ಟು ಹೇಳಿದಂತಿರುತ್ತದೆ. ಗಂಗಪ್ಪ ಕಾಕಾ ಇಳಿದ ತಕ್ಷಣ ಹುಡುಗ ಯಾರ ಮಗ, ಹುಡುಗಿಗೆ ಸೋದರಮಾವ ಇದ್ದಾನೋ ಇಲ್ಲವೋ ಅಂತ ಎಲ್ಲ ವಿಚಾರಿಸಿದ. ಸಂಜೆ ಹುಡುಗಿಯನ್ನು ಕಳಿಸಿಕೊಡುವಾಗ ಅಳಬೇಕಲ್ಲ! ಪ್ರತಿ ಲಗ್ನದಲ್ಲೂ ಅಳುತ್ತಾನೆ. ಇವತ್ತು ಹುಡುಗಿಯ ಅಪ್ಪನೇ ಬಂದು, "ಇರ್ಲಿ ಬಿಡ್ರಿ ಯಜಮಾನ್ರ, ಹತ್ತಿರದ ಊರಿಗೇ ಕೊಟ್ಟೇವಿ" ಅಂತ ಅವನಿಗೇ ಸಮಾಧಾನ ಹೇಳಿದ.

ನಾನು ಟೊಪಗಿಯೊಳಗೆ ಜಡೆ ತುರುಕಿ ಢೋಲಿನ ಹಿಂದೆ ನಿಂತಿದ್ದೆ. ಊದುವಾಗ ನನಗೆ ಕಣ್ಣು ತೆರೆದಿಡಲು ಆಗುವುದಿಲ್ಲ. ಮೊದಲಿನಿಂದಲೂ ಹಾಗೇ. ಕಣ್ಣು ಮುಚ್ಚಿದರೆ ಸ್ವರ ಬಣ್ಣದ ಹಾಗೆ ಕಾಣುತ್ತದೆ. ಅಕ್ಕಿಕಾಳಿನ ಹೊತ್ತಿಗೆ ಕಾಕಾನ ಢೋಲಿನ ಏಟು ನನ್ನ ಎದೆಗೇ ಗುದ್ದಿತು, ನಾನು ಊದಿದೆ. ಆಹಾ, ಏನು ಬಂತು! ಐನಾರು ಮಂತ್ರ ಮುಗಿಸಿ ಜನ ಅಕ್ಕಿಕಾಳು ಒಗೆಯುವ ಆ ಒಂದು ಗಳಿಗೆಗಾಗಿಯೇ ಬ್ಯಾಂಡ್ ಕರೆಸುತ್ತಾರೆ. ಕಾಳು ವಾದ್ಯದ ಸಪ್ಪಳದೊಳಗೇ ಬೀಳಬೇಕು. ಬಿದ್ದವು.

ಆಮೇಲೆ ಒಬ್ಬ ಮುದುಕ ಬಂದು ಮಾಮಾನ ಕೊರಳಿಗೆ ಹೊಸ ಟಾವೆಲ್ ಹಾಕಿದ. "ಲಗಮಪ್ಪಾ, ವಯಸ್ಸಾದಂಗ ನಿನ್ನ ಉಸರು ಹರೇಕ ಬರಾಕತ್ತೈತಲ್ಲೋ!"

ಅದು ನನ್ನ ಉಸಿರು. ಮಾಮಾ ತುಟಿ ಬಿಗಿದು ತಲೆ ಅಲ್ಲಾಡಿಸಿದರು. ಊದದವರು ಏನು ನಾಟಕ ಮಾಡುತ್ತಾರೆ! ಹುಬ್ಬು ಏರಿಸುತ್ತಾರೆ, ಮೊಣಕೈ ಝಾಡಿಸುತ್ತಾರೆ, ಹೆಗಲು ಕುಣಿಸುತ್ತಾರೆ. ಮಾಮಾ ಅರ್ಜುನಣ್ಣನನ್ನೂ ಮೀರಿಸಿದರು.

ಏಪ್ರಿಲ್ 8, ಮಂಗಳವಾರ

"ಮಾಮಾ, ಜನಕ್ಕ ಖರೇ ಹೇಳೂಣ್ರಿ" ಅಂದೆ.

"ಈ ಸೀಜನ್ ಒಂದ ತಡಿ."

"ಯಾಕ ತಡೀಲಿ?"

"ನೀ ಸಾಲಿ ಬಿಟ್ಟಾಗ ನಾ ಯಾಕ ಅಂತ ಕೇಳಿದ್ನೇನ?"

ಖರೇ, ಕೇಳಿರಲಿಲ್ಲ. ಉಳಿದವರೆಲ್ಲ ಕೇಳಿದರು. ಬಡತನವೇ? ಮಾಸ್ತರರು ಬೈದರೇ? ಯಾವುದಾದರೂ ಹುಡುಗ? ಏನೂ ಇಲ್ಲ. ಪಿಯುಸಿ ಬೆಂಚಿನ ಮೇಲೆ ಕೂತರೆ ಮೈಯೊಳಗೆ ಇರುವೆ ಹರಿದಾಡುತ್ತಿದ್ದವು, ಎದ್ದು ಬಂದೆ. ಹೀಗಂದರೆ ಯಾರೂ ನಂಬುವುದಿಲ್ಲ. ಕಣ್ಣೀರು ಬರುವಂಥ ಕಾರಣ ಬೇಕು ಅವರಿಗೆ.

ಏಪ್ರಿಲ್ 14, ಸೋಮವಾರ

ಜಯಂತಿ! ಬೈಲಹೊಂಗಲದ ರಸ್ತೆ ತುಂಬ ನೀಲಿ ಬಾವುಟ. ನಮ್ಮವರೇ, ನಮ್ಮ ಓಣಿಯವರೇ, ನಮ್ಮ ಹಾಡುಗಳೇ. ಬಿಸಿಲು ಅಂದರೆ ಬಿಸಿಲು, ಟ್ರಂಪೆಟ್ ಮುಟ್ಟಿದರೆ ಸುಡುತ್ತಿತ್ತು. ಅವ್ವ ಕುಣಿದಳು! ನನ್ನನ್ನು ಯಾರು ಮಾಡಿಕೊಳ್ಳುತ್ತಾರೆ ಅಂತ ದಿನಾ ಗೊಣಗುವ ಅವ್ವ, ನನ್ನ ಟ್ರಂಪೆಟ್ಟಿಗೇ ಕುಣಿದಳು.

ನಡುವೆ ಒಮ್ಮೆ ಮುಂದೆ ಹೋಗಿ ಮಾಮಾನ ಪಕ್ಕ ನಿಂತು ಊದಿಬಿಡಬೇಕು ಅಂದುಕೊಂಡಿದ್ದೆ. ಹೋಗಲಿಲ್ಲ. ಓಣಿಯ ಹೆಂಗಸರು ಮಕ್ಕಳನ್ನು ಎತ್ತಿ ಹಿಡಿದು "ನೋಡು, ನಮ್ಮ ಲಗಮಪ್ಪಜ್ಜ" ಅಂತ ತೋರಿಸುತ್ತಿದ್ದರು. ಅದಕ್ಕೇ ಹೋಗಲಿಲ್ಲವೋ, ಜಾಗ ಇರಲಿಲ್ಲವೋ, ಹೇಳಲಾರೆ.

ಏಪ್ರಿಲ್ 17, ಗುರುವಾರ

ಹೇಳಿಬಿಟ್ಟೆ.

ರಾಮದುರ್ಗದ ಕಡೆಯ ಸುರೇಬಾನದಿಂದ ಇಂದ್ರವ್ವ ಅಂತ ಒಬ್ಬಾಕೆ ಬಂದಿದ್ದಳು. ಮೂವತ್ತನೇ ತಾರೀಖು, ಅಕ್ಷಯ ತೃತೀಯಕ್ಕೆ ಮಗಳ ಲಗ್ನ. ಬಸ್ಸು ಬದಲಿಸಿ ಬದಲಿಸಿ ಬಂದವಳು ನೀರನ್ನೂ ಕುಡಿಯದೆ ಶುರು ಮಾಡಿದಳು. "ಲಗಮಪ್ಪಣ್ಣಾರ, ನನ್ನ ಲಗ್ನಕ್ಕ ನೀವ ಊದಿದ್ರಿ. ನನ್ನ ಮಗಳ ಲಗ್ನಕ್ಕೂ ನೀವ ಊದಬೇಕು. ಡಿಜೆ ತರಸ್ತೇನಿ ಅಂತ ನನ್ನ ತಮ್ಮ ಕುಣ್ಯಾಕತ್ತಿದ್ದ, ಕಪಾಳಕ್ಕ ಹೊಡದ ಬಂದೇನಿ."

ಅಜಿತ ತಾರೀಖು ಬರೆದುಕೊಳ್ಳುತ್ತಿದ್ದ. ಮಾಮಾ ಟಾವೆಲ್ ಹಿಡಿದು ಕೂತಿದ್ದರು. ಅಷ್ಟು ದೂರದಿಂದ ಬಂದವಳು, ನಂಬಿ ಬಂದವಳು. ನನ್ನ ಬಾಯಿ ತಾನೇ ತೆರೆಯಿತು.

"ಅವರು ಊದೂದಿಲ್ರಿ. ನಾ ಊದತೇನಿ. ಅವರ ಹಲ್ಲ ಬಿದ್ದಾವು."

ಇಂದ್ರವ್ವ ಮಾಮಾನ ಕಡೆ ನೋಡಿದಳು. ಮಾಮಾ ಟಾವೆಲ್ ತೆಗೆದು ಬಾಯಿ ತೆರೆದು ತೋರಿಸಿದರು, ದವಾಖಾನೆಯಲ್ಲಿ ತೋರಿಸುವ ಹಾಗೆ. ಆಕೆ ನನ್ನ ಕಡೆ ತಿರುಗಿ, "ಊದ ನೋಡೂಣು" ಅಂದಳು. ಊದಿದೆ. "ಆತು. ಈ ಹುಡುಗೀನ ಬರ್ಲಿ" ಅಂದು, ಆಗ ನೀರು ಕುಡಿದಳು.

ಗೆದ್ದೆ! ಖರೇ ಹೇಳಿಯೂ ಗೆದ್ದೆ! ಮಾಮಾ ತಮ್ಮ ಟ್ರಂಪೆಟ್ಟನ್ನು ಗೂಟಕ್ಕೆ ತೂಗುಹಾಕಿ, "ಇನ್ನ ಮುಂದ ನೀನ ನಿಂದ್ರು, ನಾ ಬರೂದಿಲ್ಲ" ಅಂದರು. ಸಿಟ್ಟಿನಿಂದ ಅಲ್ಲ, ಸಾದಾ ಹೇಳಿದರು. ಅಜಿತ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಬಿಡಲಿ.

ಏಪ್ರಿಲ್ 20, ರವಿವಾರ

ಕಿತ್ತೂರು.

ಮೆರವಣಿಗೆ ಬೆಂಕಿಯಂತೆ ನಡೆಯಿತು. ನಾನು ಎಲ್ಲರಿಗಿಂತ ಮುಂದೆ. ಟೊಪಗಿಯಿಂದ ಜಡೆ ಹೊರಗೆ ಬಿಟ್ಟಿದ್ದೆ, ಬೇಕಂತಲೇ. ಹುಡುಗರು ಕುಣಿದರು, ಹೆಂಗಸರು ಮಾಳಿಗೆ ಏರಿ ನೋಡಿದರು. ಇದನ್ನು ಮೊದಲು ಬರೆಯುತ್ತೇನೆ, ಯಾಕೆಂದರೆ ಇದೂ ಖರೇ.

ಅಕ್ಕಿಕಾಳಿನ ಹೊತ್ತಿಗೆ ಹಂದರದಲ್ಲಿ ನಿಂತೆವು. ನಾನು ಟ್ರಂಪೆಟ್ ತುಟಿಗಿಟ್ಟು ಕಣ್ಣು ಮುಚ್ಚಿದೆ. ಢೋಲಿನ ಏಟಿಗಾಗಿ ಕಾದೆ. ಐನಾರ ಮಂತ್ರ ಮುಗಿಯಿತು. ಏಟು ಬರಲಿಲ್ಲ. ಜನ ಅಕ್ಕಿಕಾಳು ಒಗೆದರು, ಮಂಟಪಕ್ಕೆ ಹಾಸಿದ ತಗಡಿನ ಮೇಲೆ ಬಿದ್ದ ಸಪ್ಪಳ ನನಗೆ ಕೇಳಿಸಿತು. ಅಕ್ಕಿಕಾಳಿಗೆ ಸಪ್ಪಳ ಇರುತ್ತದೆ ಅಂತ ಇವತ್ತು ಗೊತ್ತಾಯಿತು. ಯಾವ ಲಗ್ನದಲ್ಲೂ ಅದು ಯಾರಿಗೂ ಕೇಳಿಸಬಾರದು, ಕೇಳಿಸಿದರೆ ಅಪಶಕುನ.

"ಮೂಕ ಕಾಳು ಬಿದ್ವಲ್ಲೋ ಯಪ್ಪಾ!" ಅಂತ ಒಬ್ಬ ಮುದುಕಿ ಎದೆಗೆ ಕೈ ಹಚ್ಚಿದಳು. ಬೀಗರು ಬೀಗರ ಮೇಲೆ ಏರಿಹೋದರು. ಐನಾರು ಮತ್ತೊಮ್ಮೆ ಮಂತ್ರ ಹೇಳಿ ಮತ್ತೊಮ್ಮೆ ಕಾಳು ಒಗೆಸಿದರು. ಆಗ ಹೇಗೋ ಬಾರಿಸಿದೆವು. ಮದುಮಗಳು ಮಾತ್ರ ತಲೆ ಎತ್ತಲಿಲ್ಲ. ಅವಳ ಕೂದಲಲ್ಲಿ ಮೊದಲಿನ ಕಾಳು ಹಾಗೇ ಇದ್ದವು.

ಊಟಕ್ಕೆ ಯಾರೂ ಕರೆಯಲಿಲ್ಲ. ಟಂಟಂನಲ್ಲಿ ನಾನು ಗಂಗಪ್ಪ ಕಾಕಾನ ಮೇಲೆ ಹಾಯ್ದೆ. "ನೀವ್ಯಾಕ ಬಾರಸಲಿಲ್ಲ?"

"ನಾ ಮಾಸ್ತರನ ಮಣಕೈ ನೋಡಾಕತ್ತಿದ್ನೆವ್ವಾ" ಅಂದ ಕಾಕಾ. "ಮಣಕೈ ಇದ್ದಿಲ್ಲ."

"ನಾನೂ ಅದನ್ನ ಹುಡಕಾಕತ್ತಿದ್ದೆ" ಅಂದ ಸುಭಾಸಣ್ಣ. ಇವತ್ತು ಪೀಪಿ ಬಾಯಲ್ಲಿರಲಿಲ್ಲ. "ಇಷ್ಟ ವರ್ಷ ನಾ ಅದನ್ನ ನೋಡಿ ಊದತೇನಿ ಅಂತ ನನಗ ಗೊತ್ತ ಇದ್ದಿಲ್ಲ."

ಏಪ್ರಿಲ್ 22, ಮಂಗಳವಾರ

ಸವದತ್ತಿಯವರು ಬೇಡ ಅಂದರು. ದೊಡವಾಡದ ಇನ್ನೊಂದು ಮನೆಯವರೂ ಬೇಡ ಅಂದರು. ಕಿತ್ತೂರಿನ ಸುದ್ದಿ ನಮಗಿಂತ ಮೊದಲು ಊರು ಸೇರಿದೆ. ರಾಮದುರ್ಗದ ಒಂದು ಬ್ಯಾಂಡಿನವರು ಸುಭಾಸಣ್ಣನನ್ನು ಕರೆದಿದ್ದಾರೆ. ಸುರೇಬಾನದ್ದು ಮುಗಿಸಿ ಹೇಳುತ್ತೇನೆ ಅಂದಿದ್ದಾನಂತೆ. ಅಲ್ಲಿಯೂ ಕಾಳು ಮೂಕ ಬಿದ್ದರೆ ಹೊಸ ಬೆಳಕು ಆರಿತು ಅಂತಲೇ ಲೆಕ್ಕ.

ಇಂದ್ರವ್ವ ಫೋನ್ ಮಾಡಿದ್ದಳು. "ಕಿತ್ತೂರಿಂದು ಕೇಳೇನಿ. ನಾ ಮಾತ ಕೊಟ್ಟೇನಿ, ತಪ್ಪೂದಿಲ್ಲ. ನೀ ತಪ್ಪಬ್ಯಾಡ ನನ್ನವ್ವಾ" ಅಂದಳು. ಬೈದಿದ್ದರೆ ಚಲೋ ಇತ್ತು.

ಏಪ್ರಿಲ್ 25, ಶುಕ್ರವಾರ

ಕಣ್ಣು ತೆರೆದು ಊದಲು ಕಲಿಯುತ್ತಿದ್ದೇನೆ. ಸ್ವರ ಸೊಟ್ಟ ಹೋಗುತ್ತದೆ. ಮೊಣಕೈ ಎತ್ತಿದರೆ ತುಟಿ ಜಾರುತ್ತದೆ. ಮಾಮಾ ಎರಡನ್ನೂ ಒಟ್ಟಿಗೆ ಹೇಗೆ ಮಾಡುತ್ತಿದ್ದರು?

ಅವರನ್ನೇ ಕರೆಯಲು ಹೋದೆ. ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

"ಬಾಜಾ ಹಿಡದ ಬಂದ್ರ ಸುಳ್ಳ ಅಂತಿ. ಬಾಜಾ ಬಿಟ್ಟ ಬಂದ್ರ ನಾ ಯಾರು? ಬರಿಗೈಲೆ ಮಂದಿ ಮುಂದ ಹೆಂಗ ನಿಂದ್ರಲಿ, ಹೇಳು."

"ಹಂಗಾರ ಬಾಜಾ ಹಿಡಕೊಂಡ ಬರ್ರಿ" ಅಂದೆ. ನನ್ನ ಕಿವಿಯನ್ನು ನನಗೇ ನಂಬಲಾಗಲಿಲ್ಲ.

"ಇಲ್ಲ" ಅಂದರು ಮಾಮಾ. "ಅದು ಮುಗೀತು."

ಏಪ್ರಿಲ್ 27, ರವಿವಾರ

ಇವತ್ತು ಏನಾಯಿತು ಅಂದರೆ! ಗಡಿಬಿಡಿಯಿಂದ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಬಂದರೆ ಬರಲಿ.

ಮಾಮಾನ ಅಂಗಳದಲ್ಲೇ ತಾಲೀಮು ಇಟ್ಟುಕೊಂಡೆವು. ಬೇರೆ ಜಾಗ ಇರಲಿಲ್ಲ. ಕೆಟ್ಟದಾಗಿ ಬಾರಿಸಿದೆವು. ಅವರನ್ನು ಕೆಣಕಲು ಬೇಕಂತಲೇ ಹಾಗೆ ಮಾಡಿದೆವು ಅಂತ ಅಜಿತ ಈಗ ಹೇಳಿಕೊಂಡು ತಿರುಗುತ್ತಿದ್ದಾನೆ. ಸುಳ್ಳು. ನಿಜವಾಗಿಯೂ ಅಷ್ಟು ಕೆಟ್ಟದಾಗಿತ್ತು. ಸುಭಾಸಣ್ಣ ಮುಂದೆ ಓಡುತ್ತಿದ್ದ, ಕಾಕಾ ಹಿಂದೆ ಉಳಿಯುತ್ತಿದ್ದ, ನಾನು ಯಾರನ್ನು ಹಿಡಿಯಬೇಕೋ ತಿಳಿಯದೆ ನಡುವೆ ಸಿಕ್ಕಿದ್ದೆ.

ಊಟಕ್ಕೆ ಕೂತಿದ್ದ ಮಾಮಾ ರೊಟ್ಟಿ ಹಿಡಿದೇ ಹೊರಗೆ ಬಂದರು. "ಲೇ ಸುಭಾಸಾ, ಬಸ್ಸ ತಪ್ಪತೈತೇನ ನಿಂದು? ಗಂಗಪ್ಪಾ, ಎದ್ದೇಳೋ!" ನಮ್ಮ ಎದುರಿಗೆ ನಿಂತು ರೊಟ್ಟಿಯನ್ನು ಮೇಲೆತ್ತಿದರು, ಕೆಳಗಿಳಿಸಿದರು. ಟಾವೆಲ್ ಒಳಗೇ ಉಳಿದಿತ್ತು. ಬಾಯಿ ಬೋಳು. ಆದರೆ ಒಂದು ರೊಟ್ಟಿಗೆ ನಾವು ಐವರೂ ಒಂದಾದೆವು! ತೂತು ಬಿದ್ದ ಕೊಳವಿಯ ಅರ್ಜುನಣ್ಣನೂ ಸರಿಯಾದ ಹೊತ್ತಿಗೆ ಗಲ್ಲ ಉಬ್ಬಿಸಿದ.

ಹಾಡು ಮುಗಿದ ಮೇಲೆ ಕಾಕಾ ಹೇಳಿದ, "ಮಾಸ್ತರ, ಹಿಂಗ ನಮ್ಮ ಕಡೆ ಮಾರಿ ಮಾಡ್ರಿ. ಬೆನ್ನ ನೋಡೂದಕಿಂತ ಇದ ಚಲೋ ಕಾಣತೈತಿ."

"ಮೆರವಣಿಗ್ಯಾಗ ಹಿಂದ ಹಿಂದ ನಡೀಲೇನು? ಗಟಾರದಾಗ ಬೀಳತೇನಿ."

"ನಾ ದಾರಿ ನೋಡತೇನ್ರಿ" ಅಂದೆ. "ಗಟಾರ ಬಂದ್ರ ಟ್ರಂಪೆಟ್ ಆ ಕಡೆ ತಿರುಗಸತೇನಿ."

"ಕಣ್ಣ ಮುಚ್ಚಿ ಊದಾಕಿ ನೀ ಏನ ನೋಡತಿ?"

"ತೆರೀತೇನಿ."

ಮಾಮಾ ರೊಟ್ಟಿಯ ಕಡೆ ನೋಡಿದರು. "ಬರಿಗೈಲೆ ಯಾಕ ನಿಂತಿ ಅಂತ ಮಂದಿ ಕೇಳಿದ್ರ?"

ಮರೆವ್ವ ಅತ್ತಿ ಬಾಗಿಲಲ್ಲಿ ನಿಂತಿದ್ದಳು. "ಹಲ್ಲ ಬಿದ್ದಾವು ಅನ್ರಿ. ಎಲ್ಲಾರವೂ ಬೀಳ್ತಾವು. ನಿಮ್ಮವೇನ ಬಂಗಾರದ್ದಿದ್ವೇನ? ಮೊದಲ ಆ ರೊಟ್ಟಿ ತಿನ್ರಿ, ಆರಾಕತ್ತೈತಿ."

ಏಪ್ರಿಲ್ 30, ಬುಧವಾರ

ಸುರೇಬಾನದಿಂದ ಈಗ ಬಂದೆವು. ಕಾಲು ತೊಳೆದಿಲ್ಲ, ಬಟ್ಟೆ ಬದಲಿಸಿಲ್ಲ. ಮೊದಲು ಬರೆಯುತ್ತೇನೆ.

ಹಿಂದಕ್ಕೆ ನಡೆಯುವ ಬ್ಯಾಂಡ್ ಮಾಸ್ತರನನ್ನು ಸುರೇಬಾನ ಯಾವತ್ತೂ ನೋಡಿರಲಿಕ್ಕಿಲ್ಲ. ಮಾಮಾನ ಕೈ ಖಾಲಿ, ಕೊರಳಿಗೆ ಟಾವೆಲ್ ಇಲ್ಲ. ಮೊದಲ ತಿರುವಿನಲ್ಲೇ ಒಬ್ಬ ಕೂಗಿದ, "ಏ ಯಜಮಾನಾ, ನಿನ್ನ ಬಾಜಾ ಎಲ್ಲಿ?" ಮಾಮಾ ನಮ್ಮ ಐವರ ಕಡೆಗೂ ಕೈ ಬೀಸಿ ತೋರಿಸಿ, "ಇವ ಅಲ್ಲೇನೋ!" ಅಂದರು. ಅರ್ಜುನಣ್ಣ ಗಲ್ಲವನ್ನು ಇನ್ನಷ್ಟು ಉಬ್ಬಿಸಿದ.

ನಾನು ದಾರಿ ನೋಡಿದೆ. ಕಲ್ಲು, ಎಮ್ಮೆ, ಮೋಟರ್ ಸೈಕಲ್, ಮೋರಿ. ನೋಡುತ್ತ ಊದಿದರೆ ಸ್ವರಕ್ಕೆ ಬಣ್ಣ ಬರುವುದಿಲ್ಲ ಅಂದುಕೊಂಡಿದ್ದೆ. ಇವತ್ತು ಸೀರೆಗಳ ಬಣ್ಣ ಇತ್ತು, ಗುಲಾಲು ಇತ್ತು, ಮಾಮಾನ ಬೆವರಿದ ಮುಖ ಇತ್ತು. ಒಂದೇ ಒಂದು ಸಲ, ಆ ಉದ್ದ ಸ್ವರ ಅಷ್ಟು ಚಂದ ಬಂದಾಗ, ಕಣ್ಣು ಮುಚ್ಚಿತು. ಮಾಮಾ ಯಾರೋ ನಿಲ್ಲಿಸಿದ್ದ ಒಂದು ಮೋಟರ್ ಸೈಕಲ್ಲಿಗೆ ತಾಗಿ ಅದರ ಸೀಟಿನ ಮೇಲೇ ಕೂತರು. ಕೂತುಕೊಂಡೇ ಕೈ ಆಡಿಸುತ್ತಿದ್ದರು. ತಪ್ಪು ನನ್ನದು.

ಅಕ್ಕಿಕಾಳು. ಹಂದರದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಮಾಮಾ ನಮಗೂ ಮಂಟಪಕ್ಕೂ ನಡುವೆ ನಿಲ್ಲಬೇಕಿತ್ತು. ಅಷ್ಟರಲ್ಲಿ ಬೀಗರೆಲ್ಲ ಮೊಬೈಲ್ ಎತ್ತಿಕೊಂಡು ನುಗ್ಗಿದರು. ಮಾಮಾನನ್ನು ಜನ ಎಲ್ಲಿಗೋ ತಳ್ಳಿಕೊಂಡು ಹೋದರು. ಮೊಣಕೈ ಇಲ್ಲ! ನಾನು ತುದಿಗಾಲಲ್ಲಿ ನಿಂತು ನೋಡಿದೆ. ಮಂಟಪದ ಮೇಲೆ ಇಂದ್ರವ್ವ ಅಕ್ಕಿಕಾಳು ಹಿಡಿದ ಮುಷ್ಟಿಯನ್ನು ಎದೆಗೆ ಒತ್ತಿಕೊಂಡು ಮಗಳನ್ನು ನೋಡದೆ ನಮ್ಮನ್ನೇ ನೋಡುತ್ತಿದ್ದಳು. ಐನಾರ ಮಂತ್ರದ ಕೊನೆಯ ಸಾಲು. ಇಂದ್ರವ್ವನ ಮುಷ್ಟಿ ಮೇಲೆದ್ದಿತು.

ಬಡಿದೆವು! ಢೋಲು, ಡ್ರಮ್, ಕ್ಲಾರಿನೆಟ್, ಟ್ರಂಪೆಟ್, ಎಲ್ಲವೂ ಒಂದೇ ಏಟಿಗೆ. ಒಂದು ಕಾಳಿನ ಸಪ್ಪಳವೂ ಕೇಳಿಸಲಿಲ್ಲ. ಮದುಮಗಳು ನಕ್ಕಳು. ಇಂದ್ರವ್ವ ಅಲ್ಲಿಯೇ ಕುಸಿದು ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

ಗದ್ದಲ ಇಳಿದ ಮೇಲೆ ಮಾಮಾನನ್ನು ಹುಡುಕಿದೆ. ಅಡುಗೆಯ ಹಂದರದ ಕಂಬಕ್ಕೆ ಒರಗಿ ನಿಂತಿದ್ದರು. ಎರಡೂ ಕೈಯಲ್ಲಿ ಒಂದು ಕೂಸು.

"ಮಾಮಾ, ಎಲ್ಲಿಂದ ಕೈ ಎತ್ತಿದ್ರಿ? ನನಗ ಕಾಣಲೇ ಇಲ್ಲ."

"ಎಲ್ಲಿ ಎತ್ತಲಿ? ಯಾವಾಕಿನೋ ಇದನ್ನ ನನ್ನ ಕೈಯಾಗ ಕೊಟ್ಟ ಅಕ್ಕಿಕಾಳ ಹಾಕಾಕ ಓಡಿದ್ಲು. ಇನ್ನೂ ಬಂದಿಲ್ಲ."

ನಾನು ಗಂಗಪ್ಪ ಕಾಕಾನ ಕಡೆ ತಿರುಗಿದೆ. ಅವನು ಆಗಲೇ ಕಣ್ಣೀರಿಗೆ ತಯಾರಾಗಿದ್ದ. "ಮತ್ತ ನೀವು ಯಾರನ್ನ ನೋಡಿ ಬಾರಿಸಿದ್ರಿ?"

"ನಿನ್ನ ನೋಡಿದ್ನೆವ್ವಾ. ಟ್ರಂಪೆಟ್ ಮ್ಯಾಲ ಎತ್ತಿದ್ಯಲ್ಲ."

"ಹೂಂ, ಎತ್ತಿದ್ಲು" ಅಂದ ಅಜಿತ. ಹದಿಮೂರು ದಿನಗಳ ಮೇಲೆ ಅವನು ನನ್ನ ವಿಷಯಕ್ಕೆ ಆಡಿದ ಮೊದಲ ಮಾತು.

ಎತ್ತಿದ್ದು ನನಗೆ ನೆನಪಿಲ್ಲ. ಎತ್ತಿದೆ ಅಂತ ಬರೆದರೆ ಸುಳ್ಳಾಗುತ್ತದೆ, ಇಲ್ಲ ಅಂದರೆ ಇವರಿಬ್ಬರು ಸುಳ್ಳರಾಗುತ್ತಾರೆ. ನಾನು ಇಂದ್ರವ್ವನ ಮುಷ್ಟಿ ನೋಡುತ್ತಿದ್ದೆ, ಅಷ್ಟು ಗೊತ್ತು.

ಮಾಮಾ ನನ್ನನ್ನೇ ನೋಡುತ್ತಿದ್ದರು. ಆ ಹೊತ್ತಿಗೆ ಕೂಸು ಅವರ ಬಾಯಿಯ ಖಾಲಿ ಜಾಗ ಕಂಡುಹಿಡಿದು ಒಳಗೆ ಬೆರಳಿಟ್ಟಿತು. ಮಾಮಾ ತಡೆಯಲಿಲ್ಲ. ಆ ಬೆರಳನ್ನು ಹಾಗೇ ಬಾಯಲ್ಲಿಟ್ಟುಕೊಂಡು ಎಷ್ಟು ಜೋರಾಗಿ ನಕ್ಕರು ಅಂದರೆ, ಕೂಸಿನ ತಾಯಿ ಆ ದನಿ ಹಿಡಿದೇ ಹುಡುಕಿಕೊಂಡು ಬಂದಳು.